ಫೈಲ್ ಇದೆ, ಸಿಂಬಲ್ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿಯಿಂದ ಟ್ರಾಫಿಕ್ ದಾಟಿಕೊಂಡು ಬಸವನಗುಡಿವರೆಗೆ ಬಂದಿದ್ದೀರಿ ಅಂದರೆ, ನಿಮ್ಮಲ್ಲಿ ಅರ್ಧ ಜನಕ್ಕಾದರೂ ಡಿಬಗರ್, ಅಂದರೆ ಪ್ರೋಗ್ರಾಮಿನ ತಪ್ಪು ಹುಡುಕುವ ಟೂಲ್, ಕೈಕೊಟ್ಟಿರಬೇಕು. ಬ್ಯಾಕ್‌ಟ್ರೇಸ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ, ಕೇಳಿದರೆ ಫಂಕ್ಷನ್ ಹೆಸರಿನ (ಅದೇ ಸಿಂಬಲ್) ಜಾಗದಲ್ಲಿ ಸಾಲುಸಾಲಾಗಿ ಎರಡೆರಡು ಪ್ರಶ್ನಾರ್ಥಕ ಚಿಹ್ನೆ. ಆ ಹೆಸರುಗಳಿರುವ ಡಿಬಗ್ ಪ್ಯಾಕೇಜ್ ಹಾಕಿದ್ದಾಗಿದೆ, ಫೈಲು ಡಿಸ್ಕಿನಲ್ಲಿ ಕಣ್ಣಿಗೆ ಕಾಣುವಂತೆ ಕೂತಿದೆ, ಆದರೂ ಟೂಲ್ ಮಾತ್ರ ‘ಇಲ್ಲ’ ಅನ್ನುತ್ತದೆ. ಇವತ್ತಿನ ಮಾತು ಪೂರ್ತಿ ಇದರ ಬಗ್ಗೆಯೇ.

ಹಿನ್ನೆಲೆ ಬೇಗ ಮುಗಿಸುತ್ತೇನೆ. 1970ರ ದಶಕದ ಶುರುವಿನಲ್ಲಿ ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನ ಪಿಡಿಪಿ-11 ಕಂಪ್ಯೂಟರಿನಲ್ಲಿ ಮೊದಲನೇ ಡಿಸ್ಕ್ ತುಂಬಿತು. ಅದರಲ್ಲಿ ಜಾಗ ಸಾಲದ ಪ್ರೋಗ್ರಾಮುಗಳನ್ನು ಬಳಕೆದಾರರ ಫೈಲುಗಳಿದ್ದ ಎರಡನೇ ಡಿಸ್ಕಿಗೆ, ಅಂದರೆ /ಯುಎಸ್ಆರ್‌ಗೆ ತಳ್ಳಿದರು. ಆ ಇಕ್ಕಟ್ಟಿಗೆ ಆಮೇಲೆ ಬಂದವರು ದೊಡ್ಡ ದೊಡ್ಡ ಕಾರಣ ಕೊಟ್ಟರು, ಅದು ಬೇರೆ ಕಥೆ. 2012ರಲ್ಲಿ ಫೆಡೋರಾ 17 ಅನ್ನುವ ಲಿನಕ್ಸ್ ಡಿಸ್ಟ್ರೋ ಈ ಎರಡು ಜಾಗಗಳನ್ನೂ ಒಂದು ಮಾಡಿತು: /ಬಿನ್, /ಲಿಬ್ ಇವೆಲ್ಲ /ಯುಎಸ್ಆರ್ ಒಳಗಿನ ಡೈರೆಕ್ಟರಿಗಳಿಗೆ ಬರೀ ಸಿಮ್‌ಲಿಂಕ್ ಆದವು. ಇನ್ನೊಂದು ಡಿಸ್ಟ್ರೋ ಡೆಬಿಯನ್‌ನಲ್ಲಿ ಇದು 2019ರಿಂದ ಹೊಸ ಇನ್‌ಸ್ಟಾಲ್‌ಗಳಿಗೆ ಬಂತು, 2023ರ ಡೆಬಿಯನ್ 12ರಲ್ಲಿ ಎಲ್ಲರಿಗೂ ಕಡ್ಡಾಯವಾಯಿತು. ಇನ್ನೂ ಮುಗಿದಿಲ್ಲ. 2025ರಲ್ಲಿ ಫೆಡೋರಾ 42 ಎಸ್‌ಬಿನ್ ಅನ್ನೂ ಬಿನ್‌ಗೆ ಸೇರಿಸಿಬಿಟ್ಟಿತು.

ನಮ್ಮ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಒಂದೇ ಗೇಟಿನ ಮೇಲೆ ‘ಹಳೇ ನಂ.’, ‘ಹೊಸ ನಂ.’ ಅಂತ ಎರಡು ನಂಬರ್ ಇರುತ್ತದಲ್ಲ, ಸಿಮ್‌ಲಿಂಕ್ ಹಾಗೆ. ಯಾವ ನಂಬರ್ ಹಿಡಿದು ಬಂದರೂ ಮನೆ ಸಿಗುತ್ತದೆ. ಸಿಗದೇ ಹೋಗುವುದು ಯಾವಾಗ? ಬಂದವನು ಮನೆಗೆ ಬರುವ ಬದಲು, ಆ ನಂಬರನ್ನು ಬೇರೆ ರಿಜಿಸ್ಟರಿನಲ್ಲಿ ಹುಡುಕಲು ಹೋದಾಗ. ಡಿಬಗರ್ ಮಾಡುವುದು ಇದನ್ನೇ.

ಸ್ವಲ್ಪ ಹತ್ತಿರದಿಂದ ನೋಡೋಣ. ಪ್ಯಾಕೇಜ್ ಮಾಡುವಾಗ ಬೈನರಿಯಿಂದ, ಅಂದರೆ ಓಡುವ ಪ್ರೋಗ್ರಾಮ್ ಫೈಲಿನಿಂದ, ಡಿಬಗ್ ಮಾಹಿತಿ ಕಿತ್ತು (ಇದೇ ಸ್ಟ್ರಿಪ್ ಮಾಡುವುದು) ಬೇರೆ ಫೈಲಿಗೆ ಹಾಕುತ್ತಾರೆ. ಬೈನರಿಯಲ್ಲಿ ಉಳಿಯುವುದು ಡಿಬಗ್‌ಲಿಂಕ್ ಅನ್ನುವ ಪುಟ್ಟ ಸೆಕ್ಷನ್. ಅದರಲ್ಲಿ ಏನಿದೆ? ಒಂದು ಫೈಲ್ ಹೆಸರು, ಫೈಲು ಅದೇನಾ ಅಂತ ತಾಳೆ ನೋಡಲು ಒಂದು ಸಿಆರ್‌ಸಿ ಮೊತ್ತ. ಫೈಲು ಯಾವ ಡೈರೆಕ್ಟರಿಯಲ್ಲಿದೆ ಅನ್ನುವುದು ಇಲ್ಲವೇ ಇಲ್ಲ! ಹಾಗಾಗಿ ಜಿಡಿಬಿ ಅನ್ನುವ ಡಿಬಗರ್ ಮೂರು ಕಡೆ ತಡಕಾಡುತ್ತದೆ: ಬೈನರಿ ಇರುವ ಡೈರೆಕ್ಟರಿ, ಅದರೊಳಗಿನ .ಡಿಬಗ್, ಕೊನೆಗೆ /ಯುಎಸ್ಆರ್/ಲಿಬ್/ಡಿಬಗ್ ಮುಂದೆ ಬೈನರಿಯ ಪೂರ್ತಿ ಪಾತ್, ಅಂದರೆ ವಿಳಾಸ, ಅಂಟಿಸಿ. ಈ ಮೂರನೆಯದರಲ್ಲೇ ಎಡವಟ್ಟು. ಬ್ಯಾಶ್ ಅನ್ನುವ ಪ್ರೋಗ್ರಾಮಿನ ಡಿಬಗ್ ಫೈಲನ್ನು ಹಳೇ ಪ್ಯಾಕೇಜ್ /ಯುಎಸ್ಆರ್/ಲಿಬ್/ಡಿಬಗ್/ಬಿನ್ ಒಳಗೆ ಇಟ್ಟಿದೆ ಅಂದುಕೊಳ್ಳಿ. ನೀವು ಓಡುತ್ತಿರುವ ಪ್ರೋಸೆಸ್‌ಗೆ ಅಟ್ಯಾಚ್ ಆಗುತ್ತೀರಿ. ಕರ್ನಲ್ ಸಿಮ್‌ಲಿಂಕ್ ಬಿಡಿಸಿ ‘ಇದು /ಯುಎಸ್ಆರ್/ಬಿನ್/ಬ್ಯಾಶ್’ ಅನ್ನುತ್ತದೆ. ಜಿಡಿಬಿ ಹುಡುಕುವುದು /ಯುಎಸ್ಆರ್/ಲಿಬ್/ಡಿಬಗ್/ಯುಎಸ್ಆರ್/ಬಿನ್ ಒಳಗೆ. ಅಲ್ಲಿ ಏನೂ ಇಲ್ಲ. ಡಿಬಗ್ ಡೈರೆಕ್ಟರಿಯ ಒಳಗಡೆ ಯಾರೂ ಸಿಮ್‌ಲಿಂಕ್ ಹಾಕಿಲ್ಲವಲ್ಲ.

ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಶೇರ್ಡ್ ಲೈಬ್ರರಿಗಳ ವಿಷಯ ಇನ್ನೂ ಮಜಾ. ಲಿಬ್‌ಸಿ, ಅಂದರೆ ಸಿ ಭಾಷೆಯ ಮೂಲ ಲೈಬ್ರರಿ (ಗ್ಲಿಬ್‌ಸಿ), ಎಲ್ಲಿಂದ ಬಂತು ಅಂತ ಲೈಬ್ರರಿಗಳನ್ನು ಜೋಡಿಸುವ ಡೈನಾಮಿಕ್ ಲಿಂಕರ್‌ನ ಪಟ್ಟಿ ಕೇಳಿದರೆ ಎಷ್ಟೋ ಯಂತ್ರಗಳಲ್ಲಿ ‘/ಲಿಬ್’ ಅನ್ನುತ್ತದೆ. ಅದೇ ಪ್ರೋಸೆಸ್ ಬಗ್ಗೆ ಕರ್ನಲ್ ಕೊಡುವ ಮ್ಯಾಪ್ಸ್ ಫೈಲ್ ತೆಗೆದರೆ ‘/ಯುಎಸ್ಆರ್/ಲಿಬ್’. ಜಿಡಿಬಿ ಮೊದಲನೆಯದನ್ನು ನಂಬುತ್ತದೆ, ವೇಗ ಅಳೆಯುವ ಪರ್ಫ್ ಮತ್ತು ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರೈಂಡ್ ಎರಡನೆಯದನ್ನು. ಹೀಗಾಗಿ ಒಂದೇ ಯಂತ್ರ, ಒಂದೇ ಡಿಬಗ್ ಫೈಲ್. ಜಿಡಿಬಿಗೆ ಸಿಕ್ಕಿದ್ದು ವಾಲ್‌ಗ್ರೈಂಡ್‌ಗೆ ಸಿಗುವುದಿಲ್ಲ. ಪಕ್ಕದ ಸೀಟಿನವರು ‘ನನಗೆ ಬರ್ತಿದೆಯಲ್ಲ’ ಅಂದಾಗ ಜಗಳಕ್ಕೆ ಹೋಗಬೇಡಿ, ಇಬ್ಬರೂ ಹೇಳುತ್ತಿರುವುದು ನಿಜವೇ ಇರಬಹುದು. ಎಲ್‌ಡಿ-ಲಿನಕ್ಸ್ (ಅದೇ ಡೈನಾಮಿಕ್ ಲಿಂಕರ್) ಪೂರ್ತಿ ಸ್ಟ್ರಿಪ್ ಆಗಿದ್ದರಂತೂ ವಾಲ್‌ಗ್ರೈಂಡ್ ಶುರುವೇ ಆಗುವುದಿಲ್ಲ. ವಾಲ್‌ಗ್ರೈಂಡ್‌ಗೆ ಲಿಂಕರ್ ಒಳಗಿನ ಸ್ಟ್ರ್‌ಲೆನ್‌ನಂಥ ಫಂಕ್ಷನ್ ಬೇಕೇಬೇಕು, ಸಿಗದಿದ್ದರೆ ‘ಗ್ಲಿಬ್‌ಸಿ ಡಿಬಗ್ ಪ್ಯಾಕೇಜ್ ಹಾಕಿ’ ಅಂತ ಹೇಳಿ ನಿಂತುಬಿಡುತ್ತದೆ. ಹಾಕಿಯೇ ಇದ್ದೀನಲ್ಲಪ್ಪ ಅಂತ ನಾವು ತಲೆ ಚಚ್ಚಿಕೊಳ್ಳಬೇಕು. ಆಮೇಲೆ ವಾಲ್‌ಗ್ರೈಂಡ್‌ನ ಕೋಡಿನಲ್ಲಿ, ಪಾತ್ ಮುಂದಿನ /ಯುಎಸ್ಆರ್ ಕಿತ್ತು ಇನ್ನೊಮ್ಮೆ ಹುಡುಕುವ ತೇಪೆ ಸೇರಿಸಿದರು. ತೇಪೆಯೇ, ಆದರೆ ಕೆಲಸ ಮಾಡುತ್ತದೆ.

ಪ್ಯಾಕೇಜ್ ಮ್ಯಾನೇಜರ್‌ಗೂ ಇದೇ ಕಾಯಿಲೆ. ಡೆಬಿಯನ್ 12ರಲ್ಲಿ ಮ್ಯಾಪ್ಸ್‌ನಿಂದ ಲಿಬ್‌ಸಿಯ ಪಾತ್ ಎತ್ತಿಕೊಂಡು ‘ಇದು ಯಾವ ಪ್ಯಾಕೇಜಿನದು’ ಅಂತ ಡಿಪಿಕೆಜಿಗೆ ಕೇಳಿ ನೋಡಿ. ಗೊತ್ತಿಲ್ಲ ಅನ್ನುತ್ತದೆ, ಯಾಕೆಂದರೆ ಅದರ ಕಡತದಲ್ಲಿ ಇನ್ನೂ /ಲಿಬ್ ಅಂತಲೇ ಇದೆ. ಡೆಬಿಯನ್ 13ರಲ್ಲಿ ಕಡತವನ್ನೂ ಬದಲಾಯಿಸಿದರು. ಈಗ /ಲಿಬ್ ಅಂತ ಕೇಳುವ ಹಳೇ ಸ್ಕ್ರಿಪ್ಟುಗಳ ಸರದಿ.

ಪಾತ್ ಅನ್ನುವುದು ಫೈಲಿನ ಗುರುತಲ್ಲ, ಇವತ್ತು ಅದು ಕೂತಿರುವ ಜಾಗ ಅಷ್ಟೆ. ಡಿಸ್ಟ್ರೋಗಳು ಡೈರೆಕ್ಟರಿ ಬದಲಿಸಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಜಾಗವನ್ನೇ ಗುರುತು ಅಂದುಕೊಂಡ ಟೂಲ್‌ಗಳು ಯಾವತ್ತಾದರೂ ಬೀಳಲೇಬೇಕಿತ್ತು. ನಿಜವಾದ ಗುರುತು ಬಿಲ್ಡ್-ಐಡಿ. 2007ರ ಫೆಡೋರಾ 8ರಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ ಬಿಲ್ಡ್ ಮಾಡುವಾಗ ಲಿಂಕರ್ ಬರೆಯುವ 20 ಬೈಟ್, ಅಂದರೆ 40 ಹೆಕ್ಸ್ ಅಕ್ಷರ. ಸ್ಟ್ರಿಪ್ ಮಾಡಿದರೂ ಬೈನರಿಯಲ್ಲಿ ಉಳಿಯುತ್ತದೆ, ಡಿಬಗ್ ಫೈಲಿನಲ್ಲೂ ಅದೇ ಇರುತ್ತದೆ. /ಯುಎಸ್ಆರ್/ಲಿಬ್/ಡಿಬಗ್/.ಬಿಲ್ಡ್-ಐಡಿ ಒಳಗೆ ಮೊದಲ ಎರಡು ಅಕ್ಷರದ ಡೈರೆಕ್ಟರಿ, ಉಳಿದ 38 ಅಕ್ಷರದ ಫೈಲು. ಬೈನರಿ ಎಲ್ಲಿದ್ದರೂ ಇದು ಬದಲಾಗುವುದಿಲ್ಲ.

ಹಾಗಾಗಿ ನಾಳೆ ಪ್ರಶ್ನಾರ್ಥಕ ಚಿಹ್ನೆ ಕಂಡ ತಕ್ಷಣ ಪ್ಯಾಕೇಜನ್ನು ತೆಗೆದು ಮತ್ತೆ ಹಾಕುತ್ತಾ ಕೂರಬೇಡಿ. ರೀಡ್‌ಎಲ್ಫ್ ಟೂಲ್‌ಗೆ ‘-ಎನ್’ ಕೊಟ್ಟು ಬೈನರಿ, ಡಿಬಗ್ ಫೈಲು ಎರಡರ ಬಿಲ್ಡ್-ಐಡಿಯನ್ನೂ ತೆಗೆದು ಪಕ್ಕಪಕ್ಕ ಇಡಿ. ಬೇರೆ ಬೇರೆ ಇದ್ದರೆ ಅದು ಜಾಗದ ತಕರಾರಲ್ಲ, ವರ್ಷನ್ ತಕರಾರು. ಒಂದೇ ಇದ್ದರೆ ಜಿಡಿಬಿಯಲ್ಲಿ ‘ಸೆಟ್ ಡಿಬಗ್ ಸೆಪರೇಟ್-ಡಿಬಗ್-ಫೈಲ್ ಆನ್’ ಅನ್ನಿ. ಎಲ್ಲೆಲ್ಲಿ ಹುಡುಕಿದೆ ಅಂತ ಸಾಲಾಗಿ ಬರೆದು ತೋರಿಸುತ್ತದೆ. ಆ ಪಟ್ಟಿಯಲ್ಲಿ ಯುಎಸ್ಆರ್ ಎರಡು ಸಲ ಕಂಡರೆ ಇವತ್ತಿನ ಕಥೆಯೇ.

ಇಲ್ಲಿ ಸರ್ವೀಸ್ ಕಂಪನಿಗಳವರು ಬಹಳ ಜನ ಇದ್ದೀರಿ. ಕಸ್ಟಮರ್‌ನ ಹಳೇ ಸರ್ವರ್‌ನಿಂದ ಕೋರ್ ಡಂಪ್, ಅಂದರೆ ಕ್ರ್ಯಾಶ್ ಆದ ಪ್ರೋಗ್ರಾಮಿನ ಮೆಮೊರಿಯ ನಕಲು, ಬರುತ್ತದೆ, ಅದನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತೀರಿ. ಆಗ ಅಪಾಯ ಇನ್ನೊಂದು ಥರದ್ದು: ಅದೇ ಪಾತ್‌ನಲ್ಲಿ ನಿಮ್ಮ ಸ್ವಂತ ಲಿಬ್‌ಸಿ ಸಿಕ್ಕಿಬಿಡುತ್ತದೆ, ಬ್ಯಾಕ್‌ಟ್ರೇಸ್ ನೋಡಲು ಚೆನ್ನಾಗಿಯೂ ಇರುತ್ತದೆ, ಪೂರ್ತಿ ಸುಳ್ಳಾಗಿಯೂ ಇರುತ್ತದೆ. ಪ್ರಶ್ನಾರ್ಥಕ ಚಿಹ್ನೆಯೇ ವಾಸಿ, ಸುಳ್ಳು ಹೇಳುವುದಿಲ್ಲ. ಮೊದಲು ಇಯು-ಅನ್‌ಸ್ಟ್ರಿಪ್ ಅನ್ನುವ ಟೂಲ್‌ನಿಂದ ಕೋರ್ ಒಳಗಿನ ಬಿಲ್ಡ್-ಐಡಿಗಳ ಪಟ್ಟಿ ತೆಗೆದುಕೊಳ್ಳಿ. ಅವಕ್ಕೆ ಹೊಂದುವ ಫೈಲುಗಳನ್ನು ಒಂದು ಕಡೆ ಕೂಡಿಸಿ, ‘ಸೆಟ್ ಸಿಸ್‌ರೂಟ್’ ಅಂತ ಅತ್ತ ತೋರಿಸಿ, ಆಮೇಲೆ ಬ್ಯಾಕ್‌ಟ್ರೇಸ್ ಓದಿ.

2019ರಲ್ಲಿ ಎಲ್ಫ್‌ಯುಟಿಲ್ಸ್ ಟೂಲ್‌ಗಳ ಜೊತೆ ಬಂದ ಡಿಬಗ್‌ಇನ್ಫೋಡಿ ಸರ್ವರ್ ಈ ಕೆಲಸವನ್ನು ನೆಟ್‌ವರ್ಕ್ ಮೇಲೆ ಮಾಡುತ್ತದೆ. ಬಿಲ್ಡ್-ಐಡಿ ಕೊಟ್ಟರೆ ಡಿಬಗ್ ಫೈಲ್ ಬರುತ್ತದೆ, ಪಾತ್‌ನ ಮಾತೇ ಇಲ್ಲ. ಜಿಡಿಬಿ 10ರಿಂದ ಬೆಂಬಲ ಇದೆ. ಹೊರಗಿನ ನೆಟ್ ಇಲ್ಲದ ಲ್ಯಾಬಿನವರು ನಿಮ್ಮ ಬಿಲ್ಡ್ ಸರ್ವರ್ ಮೇಲೇ ಒಂದನ್ನು ಓಡಿಸಿ. ಆರ್‌ಪಿಎಂ, ಡೆಬ್ ಪ್ಯಾಕೇಜ್ ಫೈಲುಗಳಿರುವ ಡೈರೆಕ್ಟರಿ ತೋರಿಸಿದರೆ ಸಾಕು, ಪೋರ್ಟ್ 8002ರಲ್ಲಿ ಕೂರುತ್ತದೆ.

ಟೀ ಆದಮೇಲೆ ಪ್ರಾಕ್ಟಿಕಲ್. ಕೋರ್ ಫೈಲ್ ತಂದವರು ಮುಂದಿನ ಸಾಲಿಗೆ ಬನ್ನಿ, ಕಂಪನಿಯ ಡೇಟಾ ಇರುವ ಕೋರ್ ಮಾತ್ರ ದಯವಿಟ್ಟು ಪ್ರೊಜೆಕ್ಟರ್ ಮೇಲೆ ಬೇಡ.