ಗದ್ದೆ ಕರ್ರಗಿದೆ ಅಂತ ಖುಷಿ ಪಡಬೇಡಿ ಸ್ವಾಮಿ

ನಮಸ್ಕಾರ, ನಮಸ್ಕಾರ. ಈ ವಾರ ನಾಟಿ ಯಂತ್ರದ ಬಗ್ಗೆ ಮಾತಾಡಬೇಕು ಅಂತಿದ್ದೆ. ಆದರೆ ಹೋದ ವಿಡಿಯೋ ಕೆಳಗೆ ಒಬ್ಬ ಅಣ್ಣ ಹಾಕಿದ ಕಾಮೆಂಟ್ ನೋಡಿ ತಲೆ ಕೆಟ್ಟುಹೋಯಿತು. ಓದುತ್ತೇನೆ, ಕೇಳಿ. "ಸಾರ್, ಬೆಂಕಿ ರೋಗ ಅಂತ ಸುಮ್ನೆ ಹೆದರಿಸ್ಬೇಡಿ. ಬೂಷ್ಟು ತಾನೇ ಅದು? ಪೈರು ಗಟ್ಟಿ ಇದ್ರೆ ಏನೂ ಆಗಲ್ಲ. ಇನ್ನೊಂದು ಮೂಟೆ ಯೂರಿಯಾ ಎರಚಿ, ಗದ್ದೆ ಕರ್ರಗೆ ಬರುತ್ತೆ."

ಇದಕ್ಕೆ ಲೈಕ್ ಬೇರೆ! ನನ್ನ ವಿಡಿಯೋಗಿಂತ ಜಾಸ್ತಿ. ಹೊಟ್ಟೆಕಿಚ್ಚಾ ಅಂತ ಕೇಳಬೇಡಿ. ಸ್ವಲ್ಪ ಇದೆ.

ಅಣ್ಣಾ, ಕರ್ರಗಿರುವ, ಅಂದರೆ ಕಡು ಹಸಿರಾಗಿರುವ ಭತ್ತದ ಗದ್ದೆ ಗಟ್ಟಿ ಗದ್ದೆ ಅಲ್ಲ. ಅದು ಬೆಂಕಿ ರೋಗವನ್ನು ಕೂಗಿ ಕರೆಯುವ ಗದ್ದೆ. ಇದೊಂದೇ ಮಾತು ಇವತ್ತು. ಬೇರೆ ಏನೂ ಇಲ್ಲ.

ಮೊದಲು ಆ "ಬೂಷ್ಟು" ಏನು ಮಾಡುತ್ತದೆ ಅಂತ ನೋಡೋಣ. ಬೆಂಕಿ ರೋಗ ತರುವ ಶಿಲೀಂಧ್ರ ಅದು, ಹೆಸರು ಮ್ಯಾಗ್ನಪೋರ್ತೆ ಒರೈಜೆ. ಹೆಸರು ಮರೆತರೂ ಪರವಾಗಿಲ್ಲ, ಕೆಲಸ ಮರೆಯಬೇಡಿ. ಅದರ ಬೀಜಕಣ ಗಾಳಿಯಲ್ಲಿ ತೇಲಿ ಬಂದು ಎಲೆ ಮೇಲೆ ಕೂರುತ್ತದೆ. ಮೂರು ಕೋಣೆಯ ಸಣ್ಣ ಕಣ, ನೀರಿನ ಹನಿಯ ಆಕಾರ. ಇಬ್ಬನಿ ತಾಗಿದ ಕೂಡಲೇ ಅದರ ತುದಿಯಿಂದ ಅಂಟು ಬರುತ್ತದೆ. ಅಂಟಿತು ಅಂದರೆ ಮುಗಿಯಿತು, ಮಳೆ ಬಂದರೂ ಸುಲಭಕ್ಕೆ ಬಿಡುವುದಿಲ್ಲ. ಎರಡು ಗಂಟೆಯೊಳಗೆ ಮೊಳಕೆ. ಮೊಳಕೆಯ ತುದಿ ಊದಿಕೊಂಡು ಗುಮ್ಮಟದಂಥ ಒಂದು ಗುಳ್ಳೆ ಆಗುತ್ತದೆ. ಬೀಜಕಣ ತನ್ನ ಒಳಗಿನ ಸರಕನ್ನೆಲ್ಲ ಆ ಗುಳ್ಳೆಗೆ ಸುರಿದು ತಾನು ಸಾಯುತ್ತದೆ. ಕೇಳಿಸಿತಾ? ಒಳಗೆ ನುಗ್ಗುವುದಕ್ಕೋಸ್ಕರ ಸಾಯುತ್ತದೆ! ನೀವು ಅದನ್ನು ಬೂಷ್ಟು ಅಂತೀರಿ.

ಆಮೇಲೆ ಆ ಗುಳ್ಳೆ ಒಳಗೋಡೆಗೆ ಮೆಲನಿನ್ ಬಳಿದುಕೊಳ್ಳುತ್ತದೆ. ನಮ್ಮ ಕೂದಲು ಕಪ್ಪಾಗಿರುವುದಕ್ಕೆ ಕಾರಣ ಆಗುವ ಮೆಲನಿನ್ ಇದೆಯಲ್ಲ, ಅದರದೇ ಇನ್ನೊಂದು ಬಗೆ. ಒಳಗೆ ನೀರು ಎಳೆಯುವ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಮೆಲನಿನ್ ಪದರ ನೀರನ್ನು ಒಳಗೆ ಬಿಡುತ್ತದೆ, ಗ್ಲಿಸರಾಲನ್ನು ಹೊರಗೆ ಬಿಡುವುದಿಲ್ಲ. ಹಾಗಾಗಿ ನೀರು ನುಗ್ಗುತ್ತಲೇ ಇರುತ್ತದೆ, ಒತ್ತಡ ಏರುತ್ತಲೇ ಇರುತ್ತದೆ. ಎಷ್ಟರವರೆಗೆ? ನಿಮ್ಮ ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಸುಮಾರು 40 ಪಟ್ಟು. ಆ ಒತ್ತಡಕ್ಕೆ ಗುಳ್ಳೆಯ ಅಡಿಯಿಂದ ಸೂಜಿಯಂಥ ಒಂದು ಎಳೆ ಹೊರಟು ಎಲೆಯನ್ನು ತೂತು ಮಾಡುತ್ತದೆ. ಲ್ಯಾಬಿನಲ್ಲಿ ಪ್ಲಾಸ್ಟಿಕ್ ಹಾಳೆ ಕೊಟ್ಟರೂ ಚುಚ್ಚಿದೆ. ಪ್ಲಾಸ್ಟಿಕ್ಕು! ನಿಮ್ಮ ಯೂರಿಯಾ ಕುಡಿದ ಮೆತ್ತನೆ ಎಲೆ ಅದಕ್ಕೆ ಯಾವ ಲೆಕ್ಕ?

ಹೌದು, ಮೆತ್ತನೆ. ಯೂರಿಯಾದಲ್ಲಿರುವ ಸಾರಜನಕ ಜಾಸ್ತಿ ಆದರೆ ಎಲೆ ಉದ್ದ ಬರುತ್ತದೆ, ಅಗಲ ಬರುತ್ತದೆ, ಬಾಗುತ್ತದೆ. ಭತ್ತದ ಎಲೆಗೆ ಗಟ್ಟಿತನ ಕೊಡುವುದು ಸಿಲಿಕಾ. ಎಲೆ ಸವರಿದರೆ ಕೈ ಗೀರುತ್ತದಲ್ಲ, ಅದೇ. ಯೂರಿಯಾ ಏರಿದ ಹಾಗೆ ಎಲೆಯಲ್ಲಿ ಸಿಲಿಕಾ ಪಾಲು ಇಳಿಯುತ್ತದೆ. ಪೈರು ದಟ್ಟ ಆಗಿ ಒಳಗೆ ಗಾಳಿ ಆಡುವುದಿಲ್ಲ, ಬೆಳಗ್ಗೆ ಹತ್ತು ಗಂಟೆ ಆದರೂ ಇಬ್ಬನಿ ಆರುವುದಿಲ್ಲ. ಶಿಲೀಂಧ್ರಕ್ಕೆ ಬೇಕಾದದ್ದೇ ಅದು. ಒಳಗೆ ಹೋದ ಮೇಲೆ ಮೂರು ನಾಲ್ಕು ದಿನ ಸದ್ದಿಲ್ಲದೆ ಒಂದು ಕೋಶದಿಂದ ಇನ್ನೊಂದಕ್ಕೆ ದಾಟಿಕೊಂಡು ತಿನ್ನುತ್ತಿರುತ್ತದೆ. ನೀವು ಬದುವಿನ ಮೇಲೆ ನಿಂತು "ಏನ್ ಕರ್ರಗಿದೆ ನೋಡ್ರೀ" ಅಂತ ಫೋಟೋ ತೆಗೀತಿರುತ್ತೀರಿ. ಆಮೇಲೆ ಕಾಣುತ್ತದೆ ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಒಂದೊಂದು ಚುಕ್ಕೆಯಿಂದ ರಾತ್ರಿಗೆ ಸಾವಿರಾರು ಬೀಜಕಣ.

ತೆನೆಯ ಕುತ್ತಿಗೆಗೆ ಬಂದರಂತೂ ಕಥೆ ಮುಗಿದ ಹಾಗೆ. ಕುತ್ತಿಗೆ ಕಪ್ಪಾಗಿ ಮುರಿದು, ತೆನೆ ಬೆಳ್ಳಗೆ ನಿಂತು, ಪೂರ್ತಿ ಜೊಳ್ಳು.

ಅಂದಹಾಗೆ, ರಾಗಿಗೆ ಬೆಂಕಿ ರೋಗ ತರುವುದೂ ಇದೇ ಜಾತಿ, ಬಣ ಮಾತ್ರ ಬೇರೆ. ಇನ್ನೊಂದು ಬಣ 1985ರಲ್ಲಿ ಬ್ರೆಜಿಲ್‌ನಲ್ಲಿ ಗೋಧಿಗೆ ಬಿತ್ತು, 2016ರಲ್ಲಿ ಬಾಂಗ್ಲಾದೇಶಕ್ಕೆ ಬಂತು. ಗಡಿ ದಾಟೀತು ಅಂತ ಪಶ್ಚಿಮ ಬಂಗಾಳದ ಮುರ್ಷಿದಾಬಾದ್, ನಾದಿಯಾ ಜಿಲ್ಲೆಗಳಲ್ಲಿ ಗೋಧಿ ಬೆಳೆಯುವುದನ್ನೇ ನಿಲ್ಲಿಸಿದರು. ಬೂಷ್ಟಿಗೆ ಯಾರಾದರೂ ಹೀಗೆ ಹೆದರುತ್ತಾರಾ?

ಈಗ ನಿಮ್ಮ ವಾದಗಳು. "ರೋಗ ಬಂದ್ರೆ ಔಷಧಿ ಹೊಡಿತೀವಿ ಬಿಡಿ." ಎಲ್ಲರ ಬಾಯಲ್ಲೂ ಇರುವ ಟ್ರೈಸೈಕ್ಲಜೋಲ್ ಮಾಡುವುದೇನು ಗೊತ್ತಾ? ಆ ಮೆಲನಿನ್ ಪದರ ಕಟ್ಟದಂತೆ ತಡೆಯುತ್ತದೆ. ಗ್ಲಿಸರಾಲ್ ಸೋರಿ, ಒತ್ತಡ ಏರದೆ, ಗುಳ್ಳೆ ಠುಸ್. ಅಂದರೆ ಅದು ಬಾಗಿಲಲ್ಲಿ ತಡೆಯುವ ಔಷಧಿ. ಒಳಗೆ ನುಗ್ಗಿ ಊಟ ಮಾಡ್ತಾ ಕೂತಿರುವುದಕ್ಕೆ ಹೊಡೆದರೆ ದುಡ್ಡು ಯಾರದ್ದು? ನಿಮ್ಮದು. ಮುಂದೆ ನುಗ್ಗುವುದನ್ನು ತಡೆಯುತ್ತದೆ ಅಂತೀರಾ, ಸರಿ. ಆದರೆ ಬಾಗಿಲು ತೆಗೆದಿಟ್ಟವರು ಯಾರು? ಯೂರಿಯಾ!

"ಪಕ್ಕದ ಗದ್ದೆಯವ್ರು ಹಾಕಿದ್ರು, ಏನೂ ಆಗ್ಲಿಲ್ಲ." ಆ ವರ್ಷ ಇಬ್ಬನಿ ಬಿದ್ದಿರಲಿಕ್ಕಿಲ್ಲ, ಅವರ ಪುಣ್ಯ. ಕೊಡಗಿನ ಪೊನ್ನಂಪೇಟೆಗೆ ಬಂದು ಹಾಗೆ ಹೇಳಿ ನೋಡೋಣ. ಬೆಂಕಿ ರೋಗ ತಡೆಯುವ ತಳಿ ಯಾವುದು ಅಂತ ಪರೀಕ್ಷೆ ಮಾಡುವುದಕ್ಕೇ ಅಲ್ಲಿ ಗದ್ದೆ ಇಟ್ಟಿದ್ದಾರೆ, ಯಾಕಂದರೆ ರೋಗ ತಪ್ಪದೆ ಬರುತ್ತದೆ.

"ರೋಗ ತಡೆಯೋ ತಳಿ ಹಾಕ್ತೀವಿ." ಹಾಕಿ. ಕೆಲವು ವರ್ಷದಲ್ಲಿ ಶಿಲೀಂಧ್ರ ವೇಷ ಬದಲಿಸಿ ಅದನ್ನೂ ಮುರಿಯುತ್ತದೆ. ನಾವು ಮಾತ್ರ ಯೂರಿಯಾ ಬದಲಿಸುವುದಿಲ್ಲ.

"ಯೂರಿಯಾ ಬಿಟ್ರೆ ಇಳುವರಿ?" ಬಿಡಿ ಅಂತ ಯಾರು ಹೇಳಿದರು? ಲೆಕ್ಕ ಇಡಿ ಅಂದೆ. 45 ಕಿಲೋ ಮೂಟೆಯಲ್ಲಿ 20 ಕಿಲೋಗಿಂತ ಸ್ವಲ್ಪ ಜಾಸ್ತಿ ಸಾರಜನಕ ಇರುತ್ತದೆ. ನಾಟಿ ಹೊತ್ತಿಗೆ ಕೊಟ್ಟ 50 ಕಿಲೋ ಡಿಎಪಿ ಗೊಬ್ಬರದಲ್ಲೂ 9 ಕಿಲೋ ಸಾರಜನಕ ಇತ್ತು. ಅದನ್ನು ಯಾರಾದರೂ ಯೂರಿಯಾ ಲೆಕ್ಕದಿಂದ ಕಳೆದಿರಾ? ಇಲ್ಲ. ಕಂತಿನಲ್ಲಿ ಕೊಟ್ಟಿರಾ? ಇಲ್ಲ. ಮೂಟೆ ಬಿಚ್ಚಿ ಒಂದೇ ಸಲ ಎರಚಿ ಮನೆಗೆ ಬಂದು ಟಿವಿ ಹಾಕಿದಿರಿ.

ಹಾಂ, ಇಂಥ ಲೆಕ್ಕ ಬೇಕು ಅಂದರೆ ನಮ್ಮ ವಾಟ್ಸಾಪ್ ಗುಂಪಿಗೆ ಸೇರಿ, ಲಿಂಕ್ ಕೆಳಗಿದೆ. ಗುಡ್ ಮಾರ್ನಿಂಗ್ ಹೂವಿನ ಫೋಟೋ ಹಾಕಿದರೆ ಹೊರಗೆ ಹಾಕುತ್ತೇನೆ. ಸಬ್‌ಸ್ಕ್ರೈಬ್ ಆಗದೆ ಮೂರು ವರ್ಷದಿಂದ ನೋಡುತ್ತಿರುವವರು ಇದ್ದೀರಿ. ನಿಮಗೂ ಆ ಬೀಜಕಣಕ್ಕೂ ಏನೂ ವ್ಯತ್ಯಾಸ ಇಲ್ಲ, ಸದ್ದಿಲ್ಲದೆ ತಿನ್ನುತ್ತಿದ್ದೀರಿ.

ಇನ್ನೊಬ್ಬರು ಕೇಳಿದ್ದಾರೆ, "ನೀವು ಗದ್ದೆ ಮಾಡ್ತೀರಾ, ಬರೀ ವಿಡಿಯೋ ಮಾಡ್ತೀರಾ?" ಮಾಡ್ತೀನಿ ಸ್ವಾಮಿ. ನನ್ನ ಗದ್ದೆ ತಿಳಿ ಹಸಿರು. ನೋಡಿ ನಗುವವರು ನಗಲಿ. ಕರ್ರಗೆ ಬೇಡ. ಬೇಡ ಅಂದರೆ ಬೇಡ. ಕಾರಣ ಮತ್ತೆ ಕೇಳಬೇಡಿ, ಇಷ್ಟು ಹೊತ್ತು ಹೇಳಿದ್ದು ಏನು? ಯೂರಿಯಾ, ಯೂರಿಯಾ, ಯೂರಿಯಾ.

ಮುಂದಿನ ವಾರ ಎಲೆ ಕವಚದ ರೋಗ. ಅದನ್ನು ಜಾಸ್ತಿ ಮಾಡುವುದು ಯಾವುದು ಅಂತ ಈಗಲೇ ಕಾಮೆಂಟ್ ಹಾಕಿ. ಮೂರೇ ಅಕ್ಷರ. ಸರಿಯಾಗಿ ಬರೆದವರಿಗೆ ಬಹುಮಾನ ಏನೂ ಇಲ್ಲ.