ಗುಜರಿಯ ಡ್ರಮ್ಮಿನಲ್ಲಿ ಮೀನು ಮತ್ತು ಒಂದೆಲಗ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೆನಾಡಿನ ಯಾವ ಮನೆಯ ಹಿತ್ತಲಿಗೆ ಹೋದರೂ ಬಳಕೆ ತಪ್ಪಿದ ಒಂದೆರಡು ಪಾತ್ರೆಗಳು ಕಣ್ಣಿಗೆ ಬೀಳುತ್ತವೆ. ದನಗಳಿಗೆ ಕಲಗಚ್ಚು ಇಡುತ್ತಿದ್ದ ಸಿಮೆಂಟಿನ ಬಾನಿ, ಬಚ್ಚಲುಮನೆಗೆ ಗೀಸರ್ ಬಂದ ಮೇಲೆ ಮೂಲೆ ಸೇರಿದ ತಾಮ್ರದ ಹಂಡೆ, ಮುಚ್ಚಳ ಒಡೆದ ಸಿಂಟೆಕ್ಸ್ ಟ್ಯಾಂಕು, ಅಡಿಕೆ ತೋಟದ ಔಷಧಿ ಕಲಸುತ್ತಿದ್ದ ನೀಲಿ ಡ್ರಮ್ಮು, ಹೀಗೆ. ಮೀನನ್ನೂ ಸೊಪ್ಪನ್ನೂ ಒಂದೇ ನೀರಿನಲ್ಲಿ ಬೆಳೆಯುವ ಅಕ್ವಾಪೋನಿಕ್ಸ್ ಎಂಬ ಕ್ರಮಕ್ಕೆ ಇವುಗಳಲ್ಲಿ ಯಾವುದನ್ನು ಬಳಸಬಹುದು, ಯಾವುದನ್ನು ಮುಟ್ಟಲೂಬಾರದು ಎಂಬುದನ್ನು ನನ್ನ ಅನುಭವದ ಆಧಾರದಲ್ಲಿ ಇಂದು ನಿಮಗೆ ತಿಳಿಸುತ್ತೇನೆ.

ಈ ಕ್ರಮ ಕೆಲಸ ಮಾಡುವ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಮೀನು ತಿಂದ ಆಹಾರದ ಒಂದು ಪಾಲು ಅಮೋನಿಯಾ ಆಗಿ, ಹೆಚ್ಚಾಗಿ ಕಿವಿರುಗಳ ಮೂಲಕ, ನೀರಿಗೆ ಸೇರುತ್ತದೆ. ಅದು ಹೆಚ್ಚಾದರೆ ಮೀನಿಗೇ ವಿಷ. ಆ ನೀರನ್ನು ಸಣ್ಣ ಪಂಪಿನಿಂದ ಎತ್ತಿ ಜಲ್ಲಿ ತುಂಬಿದ ಮರಿಗೆಯೊಂದರಲ್ಲಿ ಹಾಯಿಸಿದರೆ, ಜಲ್ಲಿಯ ಮೈಮೇಲೆ ನೆಲೆಸಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಗಿಡಗಳಿಗೆ ಬೇಕಾದ ಗೊಬ್ಬರ ಈ ನೈಟ್ರೇಟ್. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ಮತ್ತೆ ಮೀನಿನ ತೊಟ್ಟಿಗೆ ಇಳಿಯುತ್ತದೆ. 1980ರ ದಶಕದಲ್ಲಿ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಾಕೋಸಿ ಮತ್ತು ಅವರ ಸಂಗಡಿಗರು ಇದನ್ನು ದೊಡ್ಡ ಅಳತೆಯಲ್ಲಿ ಬೆಳೆಸಿದರು. ನೀಲಿ ಡ್ರಮ್ಮುಗಳನ್ನು ಕತ್ತರಿಸಿ ಇದನ್ನೇ ಹಿತ್ತಲಿನ ಅಳತೆಗೆ ತಂದು ತೋರಿಸಿದವರಲ್ಲಿ ಅಮೆರಿಕದ ಟ್ರಾವಿಸ್ ಹ್ಯೂಯಿ ಮುಖ್ಯರು. ನನ್ನಂಥವರಿಗೆ ಧೈರ್ಯ ಬಂದದ್ದು ಆ ಡ್ರಮ್ಮುಗಳ ಮಾದರಿಯಿಂದ.

ಆದರೆ ನಮ್ಮ ಕಡೆಯ ನೀಲಿ ಡ್ರಮ್ಮಿಗೆ ಬೇರೊಂದು ಹಿನ್ನೆಲೆ ಇರುತ್ತದೆ. ನಾನು ಮೊದಲು ಆರಿಸಿಕೊಂಡದ್ದು ನಮ್ಮದೇ ತೋಟದ 200 ಲೀಟರಿನ ಡ್ರಮ್ಮನ್ನು. ಅದರಲ್ಲಿ ಹಲವು ಮಳೆಗಾಲ ಅಡಿಕೆಯ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣವೆಂಬ ಔಷಧಿ ಕಲಸಿದ್ದೆವು. ಮೂರು ಬಾರಿ ತಿಕ್ಕಿ ತೊಳೆದು, ಎರಡು ದಿನ ಬಿಸಿಲಿಗೆ ಇಟ್ಟು, ಬಾವಿಯ ನೀರು ತುಂಬಿ, ಸಂಜೆ 40 ಗೆಂಡೆ ಮರಿಗಳನ್ನು ಬಿಟ್ಟೆ. ಬೆಳಗ್ಗೆ ಹಸುವಿಗೆ ನೀರಿಡಲು ಹೋದ ಅಮ್ಮ ನನ್ನನ್ನು ಕೂಗಿ ಕರೆದರು. ಒಂದು ಮರಿಯೂ ಉಳಿದಿರಲಿಲ್ಲ. ಕೈಯಲ್ಲೆತ್ತಿ ನೋಡಿದರೆ ಕಿವಿರಿನ ಮೇಲೆಲ್ಲ ಲೋಳೆ ಕಟ್ಟಿತ್ತು. ನೀರು ಚೆಲ್ಲಿ ಡ್ರಮ್ಮನ್ನು ಮಗುಚಿದಾಗ, ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡಿರುವ ಜಾಗದಲ್ಲಿ ತಿಳಿನೀಲಿ ಬಣ್ಣದ ಹಕ್ಕಳೆಯೊಂದು ಕಂಡಿತು. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರಿತು.

ಅಂದು ಸಂಜೆ ಕುಳಿತು ಲೆಕ್ಕ ಹಾಕಿದೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅಂದರೆ 200 ಲೀಟರಿನ ಡ್ರಮ್ಮಿಗೆ 2 ಕಿಲೋ ಮೈಲುತುತ್ತ. ಮೈಲುತುತ್ತದಲ್ಲಿ ಸುಮಾರು ಕಾಲುಭಾಗ ತಾಮ್ರವಿರುವುದರಿಂದ ಒಂದು ಸಲ ಕಲಸಿದ ಔಷಧಿಯಲ್ಲಿ ಅರ್ಧ ಕಿಲೋ ತಾಮ್ರ ಇರುತ್ತದೆ. ಅದರ ಸಾವಿರದಲ್ಲಿ ಒಂದು ಪಾಲು ಮಾತ್ರ ಅಂಚಿನಲ್ಲಿ ಉಳಿದು ಕರಗಿದರೂ ಪ್ರತಿ ಲೀಟರ್ ನೀರಿಗೆ ಎರಡೂವರೆ ಮಿಲಿಗ್ರಾಂ ತಾಮ್ರ ಸೇರುತ್ತದೆ. ನಮ್ಮ ಬಾವಿಗಳ, ಸುಣ್ಣದಂಶ ಕಡಿಮೆಯಿರುವ ಮೆದುನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಎಷ್ಟೋ ಕಡಿಮೆ ತಾಮ್ರವೂ ಮೀನುಮರಿಗಳನ್ನು ಕೊಲ್ಲಬಲ್ಲದು. ಸುಣ್ಣದ ಜೊತೆಗಿರುವ ತನಕ ಗಟ್ಟಿಯಾಗಿ ಅಂಟಿಕೊಂಡಿರುವ ಆ ತಾಮ್ರ, ತುಸು ಹುಳಿಯಿರುವ ನೀರು ತಾಗಿದೊಡನೆ ಮೆಲ್ಲನೆ ಕರಗತೊಡಗುತ್ತದೆ. ಆದ್ದರಿಂದ ಔಷಧಿಯ ಡ್ರಮ್ಮು ಔಷಧಿಗೇ ಇರಲಿ. ತಾಮ್ರದ ಹಂಡೆಗೂ ಇದೇ ಮಾತು. ಎಷ್ಟೇ ಅಂದವಾಗಿದ್ದರೂ ಅದು ಮೀನಿನ ಮನೆಯಾಗಲಾರದು. ಸತುವಿನ ಲೇಪವಿರುವ ತಗಡಿನ ತೊಟ್ಟಿಯೂ ಬೇಡ, ಏಕೆಂದರೆ ಕರಗಿದ ಸತುವೂ ಮೀನಿಗೆ ವಿಷವೇ.

ಹಾಗಾದರೆ ಯಾವುದನ್ನು ತರಬೇಕು? ಗುಜರಿ ಅಂಗಡಿಗೆ ಹೋದಾಗ ಆಕಾರ ನೋಡುವ ಮೊದಲು ಇದರಲ್ಲಿ ಹಿಂದೆ ಏನಿತ್ತು ಎಂದು ಕೇಳಬೇಕು. ಬಾಯಿಮಾತಿನ ಉತ್ತರವನ್ನು ನೆಚ್ಚದೆ ಪಾತ್ರೆಯ ಮೈಮೇಲಿನ ಚೀಟಿಯನ್ನು ಓದಬೇಕು. ಉಪ್ಪಿನಕಾಯಿ, ಖಾದ್ಯತೈಲ, ಸಕ್ಕರೆ ಪಾಕ ಇಂಥವು ಬಂದಿದ್ದ ಡ್ರಮ್ಮುಗಳು ಒಳ್ಳೆಯವು. ಕಬ್ಬಿಣದ ಪಂಜರದೊಳಗೆ ಕೂತಿರುವ 1000 ಲೀಟರಿನ ಬಿಳಿಯ ಚೌಕ ಟ್ಯಾಂಕು, ಅಂದರೆ ಐಬಿಸಿ ಟ್ಯಾಂಕು, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಪಂಜರಕ್ಕೆ ಒಂದು ತಗಡಿನ ಫಲಕವಿದ್ದು, ಹಿಂದೆ ತುಂಬಿದ್ದ ವಸ್ತುವಿನ ಚೀಟಿಯನ್ನು ಸಾಮಾನ್ಯವಾಗಿ ಅಲ್ಲಿಯೇ ಅಂಟಿಸಿರುತ್ತಾರೆ. ಚೀಟಿ ಕಿತ್ತುಹೋಗಿದ್ದರೆ, ಅಥವಾ ಅಪಾಯ ಸೂಚಿಸುವ ವಜ್ರಾಕಾರದ ಗುರುತು ಕಂಡರೆ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಪ್ಲಾಸ್ಟಿಕ್ ಕೀಟನಾಶಕದಂಥ ರಾಸಾಯನಿಕಗಳನ್ನು ಒಳಕ್ಕೆ ಎಳೆದುಕೊಂಡು ತಿಂಗಳುಗಳ ನಂತರ ನೀರಿಗೆ ಬಿಡುತ್ತದೆ. ಇಂಥದನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಮನೆಗೆ ತಂದ ಡ್ರಮ್ಮಿಗೆ ನಾಲ್ಕು ಬಿಂದಿಗೆ ಬಿಸಿನೀರು ಹಾಕಿ, ಮುಚ್ಚಳ ಬಿಗಿದು, ಮರುದಿನ ತೆರೆದು ಮೂಸಿ ನೋಡಿ. ಔಷಧಿಯ ಇಲ್ಲವೆ ಬಣ್ಣದ ವಾಸನೆ ಬಂದರೆ ಅದು ಬೇಡ.

ತೊಳೆಯುವ ವಿಷಯದಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಎಣ್ಣೆಯ ಜಿಡ್ಡು ತೆಗೆಯಲು ನಾವು ತಕ್ಷಣ ಸೀಗೆಪುಡಿಗೋ ಅಂಟುವಾಳಕ್ಕೋ ಕೈಹಾಕುತ್ತೇವೆ. ಅವುಗಳಲ್ಲಿ ನೊರೆ ಬರಿಸುವ ಸ್ಯಾಪೋನಿನ್ ಮೀನಿನ ಕಿವಿರನ್ನು ಕೆಡಿಸುತ್ತದೆ. ಹಿಂದೆ ಹಳ್ಳದ ಗುಂಡಿಗೆ ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡಿಯುತ್ತಿದ್ದುದನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಅಲ್ಲಿ ಕೆಲಸ ಮಾಡುತ್ತಿದ್ದುದೂ ಇದೇ ಗುಣ. ಅಡುಗೆ ಸೋಡಾ ಮತ್ತು ಬಿಸಿನೀರು ಸಾಕು.

ಸಿಮೆಂಟಿನ ಬಾನಿ ಹಳೆಯದಾದಷ್ಟೂ ಒಳ್ಳೆಯದು. ಹೊಸದಾದರೆ ಸುಣ್ಣದಂಶ ಬಿಟ್ಟು ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆಯನ್ನು, ಏರಿಸುತ್ತದೆ. ವರ್ಷಗಟ್ಟಲೆ ನೀರು ನಿಂತು ಪಾಚಿ ಕಟ್ಟಿದ ಬಾನಿಗೆ ಆ ದೋಷವಿಲ್ಲ.

200 ಲೀಟರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಹತ್ತಿರ ಹತ್ತಿರ ಒಂದು ಅಡಿ ಆಳದ ಎರಡು ಮರಿಗೆಗಳು ಸಿಗುತ್ತವೆ. ಸೊಪ್ಪಿನ ಬೇರಿಗೂ ಬ್ಯಾಕ್ಟೀರಿಯಾಕ್ಕೂ ಬೇಕಾದ ಆಳ ಅಷ್ಟೇ. ಐಬಿಸಿ ಟ್ಯಾಂಕಾದರೆ ಮೇಲಿನ ಒಂದು ಅಡಿಯನ್ನು ಕತ್ತರಿಸಿ ಮಗುಚಿದರೆ ಅದೇ ಮರಿಗೆ, ಕೆಳಗೆ ಉಳಿದದ್ದು ಮೀನಿನ ತೊಟ್ಟಿ. ಮರಿಗೆಗೆ ಜಂಬಿಟ್ಟಿಗೆಯ ಚೂರು ಹಾಕಬೇಡಿ, ಅದು ಕರಗಿ ಕೆಂಪು ಕೆಸರಾಗುತ್ತದೆ. 20 ಮಿಲಿಮೀಟರಿನ ಕರಿಕಲ್ಲಿನ ಜಲ್ಲಿಯನ್ನು ನೀರು ತಿಳಿಯಾಗುವ ತನಕ ತೊಳೆದು ತುಂಬಿ. ಜಲ್ಲಿ ಮತ್ತು ನೀರು ಸೇರಿ ಅರ್ಧ ಡ್ರಮ್ಮೇ 200 ಕಿಲೋ ಹತ್ತಿರ ತೂಗುತ್ತದೆ. ಮಳೆಗಾಲದಲ್ಲಿ ನಮ್ಮ ಮಣ್ಣು ಮೆತ್ತಗಾಗುವುದನ್ನು ನೆನಪಿನಲ್ಲಿಟ್ಟು, ಅಡಿಪಾಯಕ್ಕೆ ಜಂಬಿಟ್ಟಿಗೆ ಕಲ್ಲನ್ನೇ ಮಟ್ಟಸವಾಗಿ ಜೋಡಿಸಿ. ಅಲ್ಲಿ ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ.

ಮರಿಗೆಯ ತಳಕ್ಕೆ ಪೈಪು ಜೋಡಿಸುವ ಟ್ಯಾಂಕ್ ನಿಪ್ಪಲ್ ಕೂರಿಸಿ, ಅದರ ಮೇಲೆ ಒಂದು ಇಂಚಿನ ಪೈಪನ್ನು ಜಲ್ಲಿಯ ಮಟ್ಟಕ್ಕಿಂತ ಎರಡು ಇಂಚು ಕೆಳಗಿರುವಂತೆ ನಿಲ್ಲಿಸಬೇಕು. ತಲೆಗೆ ಎಂಡ್ ಕ್ಯಾಪ್ ಹಾಕಿದ, ಬುಡದಲ್ಲಿ ಕಚ್ಚು ಕೊರೆದ ದಪ್ಪ ಪೈಪೊಂದನ್ನು ಅದರ ಮೇಲೆ ಕವುಚಬೇಕು. ನೀರು ಏರುತ್ತಾ ಒಳಪೈಪಿನ ಬಾಯಿ ಮುಟ್ಟಿ ರಭಸದಿಂದ ಇಳಿಯತೊಡಗಿದಾಗ ಮರಿಗೆಯ ನೀರೆಲ್ಲ ಒಂದೇ ಸೆಳೆತಕ್ಕೆ ಖಾಲಿಯಾಗುತ್ತದೆ. ಬುಡದ ಕಚ್ಚಿನಿಂದ ಗಾಳಿ ನುಗ್ಗಿದೊಡನೆ ಗುಳುಗುಳು ಸದ್ದು ಮಾಡಿ ಸೆಳೆತ ನಿಲ್ಲುತ್ತದೆ, ನೀರು ಮತ್ತೆ ಏರಲು ಆರಂಭಿಸುತ್ತದೆ. ಹೀಗೆ ಬೇರಿಗೆ ನೀರೂ ಗಾಳಿಯೂ ಸರದಿಯಲ್ಲಿ ಸಿಗುತ್ತವೆ. ಮೇಲಿನ ಎರಡು ಇಂಚು ಜಲ್ಲಿ ಸದಾ ಒಣಗಿರುವುದರಿಂದ ಅಲ್ಲಿ ಪಾಚಿಯಾಗಲಿ ಸೊಳ್ಳೆಯಾಗಲಿ ಬೆಳೆಯುವುದಿಲ್ಲ. 40 ವಾಟಿನ ಪಂಪು ದಿನವಿಡೀ ಓಡಿದರೂ ಒಂದು ಯೂನಿಟ್ಟಿನ ಒಳಗೇ ವಿದ್ಯುತ್ತು ಸಾಕು.

ಬಿಳಿಯ ಟ್ಯಾಂಕಿನೊಳಗೆ ಬೆಳಕು ಹೋದರೆ ನೀರು ಹಸಿರಾಗುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ಕೂ ಸೆಟೆದು ಒಡೆಯುತ್ತದೆ. ನಾನು ಅದರ ಸುತ್ತ ಅಡಿಕೆ ದಬ್ಬೆಗಳನ್ನು ನಿಲ್ಲಿಸಿ ಕಟ್ಟಿದ್ದೇನೆ. ಬಾಯಿಗೆ ಬಲೆ ಅಗತ್ಯ. ಮಿಂಚುಳ್ಳಿಗೆ, ಬೆಕ್ಕಿಗೆ, ನೀರೊಳ್ಳೆ ಹಾವಿಗೆ ಹಿತ್ತಲಿನ ತೊಟ್ಟಿ ಬಹುಬೇಗ ಗೊತ್ತಾಗುತ್ತದೆ.

ಇನ್ನು ಮಳೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ ಬಾಯಿ ತೆರೆದಿಟ್ಟ ಐಬಿಸಿ ಟ್ಯಾಂಕಿಗೆ ತನ್ನ ಗಾತ್ರದ ಏಳರಷ್ಟಕ್ಕೂ ಹೆಚ್ಚು ಮಳೆನೀರು ಬಂದು ಬೀಳುತ್ತದೆ. ಗೊಬ್ಬರವೆಲ್ಲ ಕೊಚ್ಚಿಹೋಗಿ, ಪಿಎಚ್ ಕುಸಿದು, ಬ್ಯಾಕ್ಟೀರಿಯಾ ಸುಮ್ಮನಾಗುತ್ತದೆ. ಮೇಲೊಂದು ಮಾಡು ಬೇಕೇ ಬೇಕು. ತೋಟಕ್ಕೆ ಔಷಧಿ ಹೊಡೆಯುವ ದಿನ ಗಾಳಿಯಲ್ಲಿ ಹಾರಿಬರುವ ಹನಿಗಳನ್ನೂ ಅದು ತಡೆಯುತ್ತದೆ. ನಮ್ಮ ನೀರಿನಲ್ಲಿ ಮೊದಲೇ ಸುಣ್ಣದಂಶ ಕಡಿಮೆ, ಬ್ಯಾಕ್ಟೀರಿಯಾದ ಕೆಲಸದಿಂದ ನೀರು ಇನ್ನಷ್ಟು ಹುಳಿಯಾಗುತ್ತದೆ. ಬಟ್ಟೆಯ ಚೀಲದಲ್ಲಿ ಕಪ್ಪೆಚಿಪ್ಪು ತುಂಬಿ ತೊಟ್ಟಿಗೆ ಇಳಿಬಿಟ್ಟರೆ ಬೇಕಾದಷ್ಟೇ ಕರಗಿ ಪಿಎಚ್ 7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸುಣ್ಣವನ್ನು ಹಿಡಿಗಟ್ಟಲೆ ಹಾಕಬೇಡಿ.

ಮರ ಬಿದ್ದು ಎರಡು ದಿನ ಕರೆಂಟು ಹೋಗುವುದು ಜುಲೈಯಲ್ಲಿ ನಮಗೆ ಹೊಸತಲ್ಲ. ಅದಕ್ಕಾಗಿಯೇ ಮೀನು ಕಡಿಮೆ ಇರಬೇಕು. 1000 ಲೀಟರಿಗೆ ಬೆಳೆದ ಮೀನು 10 ಕಿಲೋ ಮೀರದಂತೆ ನೋಡಿಕೊಳ್ಳಿ. ಕರೆಂಟು ಹೋದೊಡನೆ ಆಹಾರ ನಿಲ್ಲಿಸಿ, ಗಂಟೆಗೊಮ್ಮೆ ಹತ್ತು ಚೊಂಬು ನೀರನ್ನು ಎತ್ತರದಿಂದ ಸುರಿಯಿರಿ. ಬ್ಯಾಟರಿಯ ಗಾಳಿಪಂಪು ಇದ್ದರೆ ಇನ್ನೂ ನೆಮ್ಮದಿ.

ಶುರುಮಾಡುವವರಿಗೆ ಸಾಮಾನ್ಯ ಗೆಂಡೆ ಸರಿಯಾದ ಮೀನು, ಚಳಿಯನ್ನೂ ತುಸು ಏರುಪೇರನ್ನೂ ತಾಳಿಕೊಳ್ಳುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಶೃಂಗೇರಿ, ಚಿಬ್ಬಲಗುಡ್ಡೆಗಳಲ್ಲಿ ಜನ ಭಕ್ತಿಯಿಂದ ಕಾಪಾಡಿಕೊಂಡು ಬಂದ ತುಂಗೆಯ ಮೀನುಗಳು ಹೊಳೆಯಲ್ಲೇ ಇರಲಿ. ಮರಿಗೆಗೆ ಹರಿವೆ, ಪುದೀನ, ಬಸಳೆ ಆಗುತ್ತವೆ. ಎಲ್ಲಕ್ಕಿಂತ ಹಿಗ್ಗಿ ಬೆಳೆಯುವುದು ಒಂದೆಲಗ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ ಎಂದು ತಿಳಿಯಿರಿ.

ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗೆಂಡೆ ಜಾತಿಯ ಮರಿಗಳು ಹೇರಳವಾಗಿ ಸಿಗುವುದು ಮುಂಗಾರಿನ ತಿಂಗಳುಗಳಲ್ಲಿ. ಮೇ ತಿಂಗಳಲ್ಲೇ ಪಾತ್ರೆ ತಂದು, ಕತ್ತರಿಸಿ, ಪಂಪು ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೇ ಹಾಕುತ್ತಾ ಬಂದರೆ, ಅದು ಕೊಳೆತು ಹುಟ್ಟುವ ಅಮೋನಿಯಾದಿಂದಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಜುಲೈಯಲ್ಲಿ ಮೊದಲು ಐದೇ ಮರಿಗಳನ್ನು ಬಿಡಿ. ಒಂದು ವಾರ ಅವು ಚುರುಕಾಗಿ ಆಹಾರ ತಿಂದರೆ ಉಳಿದವನ್ನು ತನ್ನಿ.

ನಮಸ್ಕಾರ.