ಭಾನುವಾರದ ಹರಾಜುಕು

ಕೇಳುಗರಿಗೆ ನಮಸ್ಕಾರ.

ಕಳಲೆ ಅಂದರೆ ನಮಗೆ ಮಳೆಗಾಲದ ಪಲ್ಯ, ಉಪ್ಪಿನಕಾಯಿ. ಜಪಾನಿನವರು ಅದನ್ನು ತಾಕೆನೊಕೊ ಅನ್ನುತ್ತಾರೆ. 1980ರ ಸುಮಾರಿಗೆ ಟೋಕಿಯೊದಲ್ಲಿ ಒಂದು ಹುಡುಗ ಹುಡುಗಿಯರ ಗುಂಪಿಗೇ ಈ ಹೆಸರು ಬಿದ್ದಿತ್ತು. ತಾಕೆನೊಕೊ ಝೊಕು, ಅಂದರೆ ಕಳಲೆ ಬಳಗ. ತಿನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವರು ಬಟ್ಟೆ ಕೊಳ್ಳುತ್ತಿದ್ದ ಅಂಗಡಿಯ ಹೆಸರು ಅದು. ಗುಲಾಬಿ, ನೇರಳೆ, ಗಿಳಿಹಸಿರು ಬಣ್ಣದ ದೊಗಳೆ ಅಂಗಿ, ದೊಗಳೆ ಪೈಜಾಮ, ಕೊರಳಲ್ಲಿ ಮಣಿಸರ. ಭಾನುವಾರ ಬಂತೆಂದರೆ ರಸ್ತೆ ನಡುವೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಸುತ್ತ ನಿಂತು, ಎಲ್ಲರೂ ಒಂದೇ ಹೆಜ್ಜೆ ಹಾಕಿ ಕುಣಿಯುತ್ತಿದ್ದರು.

ಆ ಜಾಗವೇ ಹರಾಜುಕು, ಬೀದಿ ಫ್ಯಾಷನ್ನಿಗೆ ಹೆಸರಾದ ಟೋಕಿಯೊದ ಒಂದು ಬಡಾವಣೆ. ಕೇಳಿದರೆ ಹರಾಜು ನೆನಪಾಗುತ್ತದೆ, ಅಲ್ವಾ? ಹರಾ ಅಂದರೆ ಬಯಲು, ಜುಕು ಅಂದರೆ ದಾರಿಹೋಕರು ತಂಗುವ ಊರು. ತಮಾಷೆ ಏನೆಂದರೆ, 1965ರಲ್ಲಿ ವಿಳಾಸಗಳನ್ನು ಬದಲಾಯಿಸಿದಾಗ ಈ ಹೆಸರು ಕಾಗದದಿಂದ ಹೋಗಿಯೇಬಿಟ್ಟಿತು. ಈಗ ಅಲ್ಲಿನ ವಿಳಾಸ ಜಿಂಗುಮಾಯೆ, ಅಂದರೆ ದೇಗುಲದ ಮುಂದೆ. ಹರಾಜುಕು ಉಳಿದಿರುವುದು ರೈಲು ನಿಲ್ದಾಣದ ಬೋರ್ಡಿನಲ್ಲಿ ಮತ್ತು ಜನರ ಬಾಯಲ್ಲಿ.

ದೇಗುಲ ಯಾವುದೆಂದರೆ, ಮೆಯಿಜಿ ಚಕ್ರವರ್ತಿ ಮತ್ತು ರಾಣಿಯ ನೆನಪಿಗೆ 1920ರಲ್ಲಿ ಕಟ್ಟಿದ್ದು. ಅದಕ್ಕೆ ಹೋಗಲು ನಮ್ಮ ರಥಬೀದಿಯ ಹಾಗೆ ಅಗಲವಾದ ರಸ್ತೆ ಮಾಡಿದರು. ಅದೇ ಒಮೊತೆಸಾಂದೊ. ಇವತ್ತು ಅದರ ಎರಡೂ ಬದಿ ಕೆಯಾಕಿ ಮರಗಳು, ಮರದ ಕೆಳಗೆ ದುಬಾರಿ ಅಂಗಡಿಗಳು.

1945ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಈ ಭಾಗ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಪಕ್ಕದ ಯೊಯೊಗಿಯಲ್ಲಿ ಅಮೆರಿಕನ್ ಸೈನಿಕರ ಕುಟುಂಬಗಳಿಗೆ ದೊಡ್ಡ ಕಾಲೊನಿ ಎದ್ದಿತು, ವಾಷಿಂಗ್ಟನ್ ಹೈಟ್ಸ್ ಅಂತ. ಆ ಮನೆಮಂದಿಗಾಗಿ ಆಟದ ಸಾಮಾನು, ಉಡುಗೊರೆ ಮಾರುವ ಅಂಗಡಿಗಳು ಬಂದವು. ಹೊಟ್ಟೆಗೇ ಕಷ್ಟವಿದ್ದ ಕಾಲದಲ್ಲಿ ಜಪಾನಿನ ಮಕ್ಕಳಿಗೆ ಬೇಲಿಯಾಚೆ ಹುಲ್ಲುಹಾಸು, ಕಾರು, ಫ್ರಿಜ್ಜು ಕಾಣುತ್ತಿತ್ತು. 1964ರ ಒಲಿಂಪಿಕ್ಸ್‌ಗೆ ಆ ಜಾಗವೇ ಕ್ರೀಡಾಪಟುಗಳ ಗ್ರಾಮವಾಯಿತು, ಆಮೇಲೆ ಯೊಯೊಗಿ ಪಾರ್ಕ್.

ಅಂಗಡಿಗಳಿಂದಲೇ ಇಲ್ಲಿ ಫ್ಯಾಷನ್ ಹುಟ್ಟಿತು ಅಂತ ತುಂಬಾ ಜನ ಹೇಳುತ್ತಾರೆ. ನನಗೇಕೋ ಹಾಗನ್ನಿಸುವುದಿಲ್ಲ. ಅಂಗಡಿ ಎಲ್ಲ ಊರಲ್ಲೂ ಇದೆ. 1977ರಲ್ಲಿ ಇಲ್ಲಿ ಭಾನುವಾರಗಳಂದು ಕಾರುಗಳ ಓಡಾಟ ನಿಲ್ಲಿಸಿ ರಸ್ತೆಯನ್ನು ಜನರಿಗೆ ಬಿಟ್ಟುಕೊಟ್ಟರು. ಹೊಕೊತೆನ್ ಅನ್ನುತ್ತಿದ್ದರು, ಅಂದರೆ ನಡೆಯುವವರ ಸ್ವರ್ಗ. ಚೆನ್ನಾಗಿ ಉಟ್ಟುಕೊಂಡವರಿಗೆ ಬೇಕಾದ್ದು ನೋಡುವ ಕಣ್ಣು, ಸುಮ್ನೆ ನಿಲ್ಲಲು ಜಾಗ. ಎರಡೂ ಪುಕ್ಕಟೆ ಸಿಕ್ಕವು.

ಆ ಕಣ್ಣುಗಳಲ್ಲೊಂದು ಫೋಟೊಗ್ರಾಫರ್ ಶೊಯಿಚಿ ಅಒಕಿ ಅವರದು. 1997ರಲ್ಲಿ ಅವರು ಫ್ರೂಟ್ಸ್ ಎಂಬ ಮಾಸಪತ್ರಿಕೆ ಶುರು ಮಾಡಿದರು. ದಾರಿಯಲ್ಲಿ ಸಿಕ್ಕವರನ್ನು ಅಡಿಯಿಂದ ಮುಡಿಯವರೆಗೆ ನೇರವಾಗಿ ತೆಗೆದ ಫೋಟೊ, ಪಕ್ಕದಲ್ಲಿ ವಯಸ್ಸು, ಬಟ್ಟೆ ಎಲ್ಲಿಯದು ಅನ್ನುವ ವಿವರ. ಕೆಲವು ಸೆಕೆಂಡ್ ಹ್ಯಾಂಡ್, ಕೆಲವು ಅವರೇ ಹೊಲಿದುಕೊಂಡದ್ದು. ಬೊಂಬೆಯ ಹಾಗೆ ಜಾಲರಿ ಲಂಗ ಉಟ್ಟ ಲೊಲಿತಾ ಎಂಬ ಶೈಲಿಯ ಹುಡುಗಿಯರು ಅದರಲ್ಲಿದ್ದರು. ನನಗೆ ಜಾಸ್ತಿ ಇಷ್ಟ ಡೆಕೊರಾ ಎಂಬ ಶೈಲಿ. ಹಣೆಗೂದಲು ಕಾಣದಷ್ಟು ಪ್ಲಾಸ್ಟಿಕ್ ಕ್ಲಿಪ್ಪು, ಒಂದರ ಮೇಲೊಂದು ಕಾಲುಚೀಲ, ಮೂಗಿನ ಮೇಲೆ ಚಿತ್ರವಿರುವ ಬ್ಯಾಂಡೇಜು. ಗಾಯ ಏನೂ ಇಲ್ಲ, ಅಲಂಕಾರ! ನಡೆದರೆ ಮೈಯೆಲ್ಲ ಗಿಲಕಿ.

ಶಬ್ದ, ಕಸ, ಟ್ರಾಫಿಕ್ ಅಂತ ದೂರುಗಳು ಬಂದು 1998ರಲ್ಲಿ ಹೊಕೊತೆನ್ ನಿಂತುಹೋಯಿತು. ಹುಡುಗರು ನಿಲ್ದಾಣದ ಪಕ್ಕದ ಜಿಂಗು ಸೇತುವೆಗೆ ಸರಿದರು. ಪ್ರವಾಸಿಗರು ಬಂದರು, ಅಗ್ಗದ ಸಿದ್ಧ ಉಡುಪಿನ ದೊಡ್ಡ ಕಂಪನಿಗಳೂ ಬಂದವು. 2017ರಲ್ಲಿ ಅಒಕಿ ಪತ್ರಿಕೆ ನಿಲ್ಲಿಸಿದರು. ಫೋಟೊ ತೆಗೆಯುವಂಥ ಮಕ್ಕಳು ಸಿಗುತ್ತಿಲ್ಲ ಅಂದರು. ಪಾಪ, ಮಕ್ಕಳದೇನು ತಪ್ಪು? ನಿಲ್ಲುವ ಜಾಗವನ್ನೇ ಕಿತ್ತುಕೊಂಡರೆ ಎಲ್ಲಿ ನಿಲ್ಲಬೇಕು?

ಒಂದು ಗುಂಪು ಮಾತ್ರ ಜಾಗ ಬಿಟ್ಟಿಲ್ಲ. ಯೊಯೊಗಿ ಪಾರ್ಕಿನ ಬಾಗಿಲ ಹತ್ತಿರ ಭಾನುವಾರ ಹೋದರೆ, ಕಪ್ಪು ಚರ್ಮದ ಜಾಕೆಟ್ಟು, ಎಣ್ಣೆ ಹಚ್ಚಿ ಎತ್ತಿ ಬಾಚಿದ ಕೂದಲಿನ ರಾಕಬಿಲಿ, ಅಂದರೆ 1950ರ ದಶಕದ ಅಮೆರಿಕನ್ ರಾಕ್ ಸಂಗೀತಕ್ಕೆ ಕುಣಿಯುವ ನರ್ತಕರು ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನ ನಡುವಯಸ್ಸು ದಾಟಿದವರು. ನೆಲದ ಮೇಲೆ ಕುಣಿದು ಕುಣಿದು ಬೂಟು ಸವೆದಿರುತ್ತದೆ. ಅದಕ್ಕೆ ಸುತ್ತ ಟೇಪು ಸುತ್ತಿಕೊಂಡು ಮತ್ತೆ ಕುಣಿಯುತ್ತಾರೆ.